ದುರಗವ್ವನ ಬಾಗಿಲು ದಾಟಿದ ಕೋಲು

ಕೊಳ್ಳಕ್ಕೆ ಬೆಂಕಿ ಬಿದ್ದದ್ದು ನನ್ನ ಕೈಯಿಂದ. ದುರಗವ್ವನ ಕೈಯಿಂದಲ್ಲ.

ಇದಿಷ್ಟು ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕದು — ಇದನ್ನೇ ಅಂದು ಊರ ಕಟ್ಟೆಯ ಮೇಲೆ ನಿಂತು ಹೇಳಿದ್ದರೆ... ಇರಲಿ. ಹೇಳಲಿಲ್ಲ. ಹೇಳಲಿಲ್ಲ ಎನ್ನುವುದೇ ಈ ಬರಹ.

ನಮ್ಮ ಕೊಳ್ಳ ನೋಡಿ ಹೋದವರಿಗೆ ನನ್ನ ಮುಖ ನೆನಪಿರಬಹುದು. ಹೆಸರು ಬಸವರಾಜ, ಕೊಪ್ಪಳದ ಒಂದು ಕಚೇರಿಯಲ್ಲಿ ಸಿಪಾಯಿ. ರಜೆ ಬಂತೆಂದರೆ ಊರಿಗೆ ಬಂದವರನ್ನು ಕೊಳ್ಳಕ್ಕೆ ಇಳಿಸಿ ತೋರಿಸುವುದು ನನ್ನ ಚಟ. ‘ಚಪ್ಪಲಿ ಇಲ್ಲೇ ಬಿಡ್ರಿ’ ಎಂದು ನಿಮ್ಮನ್ನು ಗದರಿಸಿದವನು ನಾನೇ. ನಿಮ್ಮ ಮಕ್ಕಳ ಕೈಯಿಂದ ಚಿಪ್ಸಿನ ಪಾಕೀಟು ಕಿತ್ತುಕೊಂಡು ಜೇಬಿಗೆ ತುರುಕಿಕೊಂಡವನೂ ನಾನೇ. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ — ಕಚೇರಿಯಲ್ಲೂ ಇದೇ ಮಾತು. ಬೈಸಿಕೊಂಡ ಮೇಲೂ ನೀವು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರಿ. ‘ಇಂಥವರು ಊರಿಗೊಬ್ಬರಾದರೂ ಇರಬೇಕು’ ಎಂದು ನಿಮ್ಮಲ್ಲೊಬ್ಬರು ಬರೆದದ್ದನ್ನು ಮಗ ಮೊಬೈಲಿನಲ್ಲಿ ಓದಿ ಹೇಳಿದ. ಅವನನ್ನೂ ಗದರಿಸಿ ಮೊಬೈಲು ಮುಚ್ಚಿಸಿದೆ.

ನೋಡದವರಿಗಾಗಿ ಕೊಳ್ಳದ ಬಗ್ಗೆ ಸ್ವಲ್ಪ ಹೇಳುತ್ತೇನೆ. ತಪ್ಪೊಪ್ಪಿಗೆಯ ನಡುವೆ ಇದೇನು ಹೊಗಳಿಕೆ ಎನ್ನಬೇಡಿ — ಏನು ಸುಟ್ಟೆನೆಂದು ತಿಳಿಯದೆ ನನ್ನ ತಪ್ಪು ನಿಮಗೆ ತಿಳಿಯುವುದಿಲ್ಲ. ಇರಕಲ್ಲಗಡ ದಾಟಿ ಬಂದರೆ ಕಣ್ಣು ಹಾಯುವಷ್ಟೂ ಮಡ್ಡಿ ನೆಲ. ಕಲ್ಲು, ಕಾರೆ ಮುಳ್ಳು, ದೂರದ ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನುಗಳು. ಇಲ್ಲಿ ನೀರು ಬೀಳುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನಡೆಯುತ್ತ ನಡೆಯುತ್ತ ಮೊದಲು ಕಿವಿಗೆ ಸಪ್ಪಳ ಬೀಳುತ್ತದೆ, ಆಮೇಲೆ ಗಾಳಿ ತಣ್ಣಗಾಗುತ್ತದೆ. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಕಾಲಕೆಳಗೆ ನೆಲವೇ ಸೀಳಿ ನಿಂತಿರುತ್ತದೆ. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ಬಂಡೆಯನ್ನು ಅಪ್ಪಿ ಇಳಿದ ಬಸರಿ ಮರದ ಬೇರು, ಆ ತುದಿಯಲ್ಲಿ ನೀರು. ಶ್ರಾವಣದಲ್ಲಿ ಅದರ ಎದುರು ನಿಂತರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಮಳೆ ನಿಂತ ಮೇಲೆ ತೆಳ್ಳಗಾಗಿ, ಚಳಿಗಾಲಕ್ಕೆ ನೂಲಿನಷ್ಟಾಗುತ್ತದೆ. ಕೆಳಗಿನ ಮಡು ಮಾತ್ರ ಬತ್ತುವುದಿಲ್ಲ. ಮೇಲಿನ ಬಂಡೆಯ ಸೂರಿಗೆ ಹೆಜ್ಜೇನಿನ ಹುಟ್ಟಿ, ಸಂಜೆಗೆ ನೀರಿಗಿಳಿಯುವ ನವಿಲು. ಎಷ್ಟು ಸಲ ಇಳಿದರೂ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅದು ಹೀಗೆ ಉಳಿದಿರುವುದು ನಮ್ಮೂರಿನ ಜನರಿಂದ. ಗೇಟಿಲ್ಲ, ಟಿಕೇಟಿಲ್ಲ, ಸಂಬಳದ ಕಾವಲುಗಾರನಿಲ್ಲ. ಒಂದು ಕೋಲು ಇದೆ, ತುದಿಗೆ ಕಬ್ಬಿಣದ ಬಳೆ ಹಾಕಿದ್ದು. ಅದು ಪಾಳಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತದೆ. ಸಂಜೆ ಒಬ್ಬರು ತಂದು ಮುಂದಿನ ಮನೆಯ ಬಾಗಿಲಿಗೆ ಆನಿಸಿ ಹೋದರೆ, ಆ ಮನೆಯವರು ಅದಕ್ಕೆ ವಿಭೂತಿ ಹಚ್ಚಿ ಒಳಗೆ ಒಯ್ಯುತ್ತಾರೆ. ಮರುದಿನವೆಲ್ಲ ಕೊಳ್ಳ ಆ ಮನೆಯದು. ಯಾರು ಇಳಿದರು, ಯಾರು ಹತ್ತಿದರು — ಅವರೇ ನೋಡಿಕೊಳ್ಳಬೇಕು. ಹಸಿ ಟೊಂಗೆ ಮುರಿಯುವಂತಿಲ್ಲ, ಒಣ ಕಟ್ಟಿಗೆ ಆರಿಸುವಂತಿಲ್ಲ, ದನ ಇಳಿಸುವಂತಿಲ್ಲ, ಒಲೆ ಹೂಡುವಂತಿಲ್ಲ. ತಪ್ಪಿ ನಡೆದರೆ ದಂಡವೂ ಇಲ್ಲ, ಬೈಗುಳವೂ ಇಲ್ಲ. ಕೋಲು ಆ ಮನೆಯನ್ನು ದಾಟಿ ಮುಂದೆ ಹೋಗುತ್ತದೆ, ಅಷ್ಟೇ. ತಪ್ಪು ಮಾಡಿದವರು ಕಟ್ಟೆಯ ಮೇಲೆ ನಿಂತು ‘ಹೌದು’ ಎಂದರೆ ಒಂದೇ ಸುತ್ತು. ‘ಹೌದು’ ಎನ್ನದಿದ್ದರೆ, ಎನ್ನುವ ತನಕ.

ಕೋಲು ಬಾರದ ಮನೆ ಎಂದರೆ ಏನು ಎಂಬುದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ನೀರು ಕೊಡುತ್ತಾರೆ, ಮದುವೆಗೆ ಕರೆಯುತ್ತಾರೆ, ಎಲ್ಲ ಇರುತ್ತದೆ. ಆದರೆ ಸಂಜೆ ಆ ಹೆಜ್ಜೆ ಸಪ್ಪಳ ನಿಮ್ಮ ಬಾಗಿಲ ಮುಂದೆ ನಿಲ್ಲದೆ ಮುಂದೆ ಹೋಗುತ್ತದೆ.

ದುರಗವ್ವ ನಮ್ಮ ಪಕ್ಕದ ಮನೆಯವಳು. ನನಗಿಂತ ದೊಡ್ಡವಳು, ನಾನು ‘ಅಕ್ಕ’ ಎನ್ನುತ್ತೇನೆ. ಗಂಡ ಬೇಗ ತೀರಿಕೊಂಡ, ಮಗಳು ರೇಣುಕಾಳನ್ನು ಕೂಲಿ ಮಾಡಿ ಬೆಳೆಸಿದಳು. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು, ಅವಳಿಲ್ಲದಿದ್ದರೆ ಊರಿಗೆ ಬೇಸರವೂ ಆಗುತ್ತಿತ್ತು. ಪಾಳಿಯಲ್ಲಿ ನಮ್ಮ ಮನೆಯಾದ ಮೇಲೆ ಅವಳ ಮನೆ. ಅಂದರೆ ಕೋಲನ್ನು ಅವಳ ಬಾಗಿಲಿಗೆ ಒಯ್ದು ಇಡಬೇಕಾದವನು ನಾನು.

ನನ್ನ ಮದುವೆಯಾದ ಹೊಸತು. ಎಳ್ಳ ಅಮಾವಾಸ್ಯೆಗೆ ಹೆಂಡತಿಯ ಅಣ್ಣ ವಿರೂಪಾಕ್ಷಿ ಗಂಗಾವತಿ ಕಡೆಯಿಂದ ಬಂದಿದ್ದ. ಕಾಲುವೆ ಸೀಮೆಯ ಮನುಷ್ಯ, ಹಸಿರು ಗದ್ದೆ ನೋಡಿ ಬೆಳೆದವನು. “ನಿಮ್ಮೂರಾಗ ಕಲ್ಲು ಬಿಟ್ರ ಮತ್ತೇನೈತಿ ಬಸವರಾಜ?” ಎಂದು ಎರಡು ದಿನ ಒಂದೇ ಸಮನೆ ಕಾಲೆಳೆದ. ನನಗೆ ಚುರುಕ್ ಎಂದಿತು. ಮರುದಿನ ಅವನನ್ನು ಕರೆದುಕೊಂಡು ಕೊಳ್ಳಕ್ಕೆ ಹೊರಟೆ. ಅಂದು ದುರಗವ್ವನ ಪಾಳಿ — ಹಿಂದಿನ ಸಂಜೆ ನಾನೇ ಕೋಲು ಇಟ್ಟು ಬಂದಿದ್ದೆ. ಅವಳು ಕೊಳ್ಳದ ಬಾಯಲ್ಲಿ ಕುಳಿತಿದ್ದಳು.

“ಏನ್ರಿ ಗಂಗಾವತಿ ಸಾಹೇಬ್ರ, ಕಾಲುವಿ ನೀರು ನೋಡಿ ನೋಡಿ ಬ್ಯಾಸರಾತೇನು?” ಎಂದು ವಿರೂಪಾಕ್ಷಿಯನ್ನು ರೇಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಹುಲ್ಲು ಒಣಗಿ ನಿಂತೈತಿ ತಮ್ಮಾ. ಕಡ್ಡಿ ಗೀರಬ್ಯಾಡ್ರಿ ಮತ್ತ” ಎಂದಳು.

“ನನಗ ಹೇಳಬೇಕೇನಕ್ಕ?” ಎಂದೆ ನಾನು.

ಕೆಳಗೆ ಇಳಿದ ಮೇಲೆ ವಿರೂಪಾಕ್ಷಿಯ ಬಾಯಿ ಕಟ್ಟಿತು. ಮಡುವಿನ ದಂಡೆಯಲ್ಲಿ ಕುಳಿತು ನೀರಿಗೆ ಕೈ ಅದ್ದಿದ. ನನ್ನ ಎದೆ ಉಬ್ಬಿತು. ಆಮೇಲೆ ಅವನೆಂದ — “ಇಂಥಲ್ಲಿ ಒಂದು ಕಪ್ಪು ಚಾ ಇದ್ದಿದ್ರ.” ಚೀಲದಲ್ಲಿ ಚಹಾಪುಡಿ, ಸಕ್ಕರೆ, ಸಣ್ಣ ಪಾತ್ರೆ ಎಲ್ಲ ಇತ್ತು, ಮನೆಯಿಂದಲೇ ತಂದಿದ್ದ. ಬೇಡ ಎನ್ನಬೇಕಿತ್ತು. ಎನ್ನಬಹುದಿತ್ತು. ಅವನೇನು ಒತ್ತಾಯ ಮಾಡಲಿಲ್ಲ — ಈ ಮಾತನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಬೀಗರ ಮುಂದೆ ಸಣ್ಣವನಾಗಬಾರದೆಂಬ ಹಮ್ಮು ನನ್ನದು. ಮೂರು ಕಲ್ಲು ಹೂಡಿದೆ, ಕಡ್ಡಿ ಗೀರಿದೆ, ಚಹಾ ಕುಡಿದೆವು. ಮೇಲೆ ಮರಳು ಎಳೆದು ಮುಚ್ಚಿದೆ. ಆರಿತು ಅಂದುಕೊಂಡೆ — ಕೈಯಿಟ್ಟು ನೋಡಲಿಲ್ಲ.

ಆಚೆ ದಾರಿಯಿಂದ ಹತ್ತಿ ಇರಕಲ್ಲಗಡಕ್ಕೆ ಹೋದೆವು, ಅವನನ್ನು ಬಸ್ಸಿಗೆ ಹತ್ತಿಸಿದೆ. ತಿರುಗಿ ಬರುವಾಗ ದೂರದಿಂದಲೇ ಹೊಗೆ ಕಂಡಿತು. ಓಡಿದೆ. ಅಷ್ಟರಲ್ಲಿ ಊರಿನವರು ಇಳಿದಿದ್ದರು. ಎಲ್ಲರಿಗಿಂತ ಮೊದಲು ಇಳಿದವಳು ದುರಗವ್ವ. ಒಬ್ಬಳೇ ಲಕ್ಕಿ ಗಿಡದ ಹಸಿ ಟೊಂಗೆ ಮುರಿದು ಬಡಿಯುತ್ತ ಬೆಂಕಿಯನ್ನು ಬಸರಿ ಮರದ ಬುಡಕ್ಕೆ ಬಿಡದೆ ತಡೆದಿದ್ದಳು. ಸೀರೆಯ ಅಂಚು ಕರಕಾಗಿತ್ತು, ಮುಂಗೈ ಬೆಂದಿತ್ತು. ಎಡಗಡೆಯ ಇಳಿಜಾರು ಪೂರ್ತಿ ಕಪ್ಪು. ಜೇನಿನ ಹುಟ್ಟಿ ಕರಗಿ ಬಂಡೆಯ ಮೇಲೆ ಇಳಿದಿತ್ತು. ನಾನೂ ನುಗ್ಗಿದೆ, ನೀರು ಎರಚಿದೆ, ಕೂಗಾಡಿದೆ. ಎಲ್ಲರೂ ಬೆಂಕಿಯ ಕಡೆ ತಿರುಗಿದ್ದಾಗ ಮಸಿ ಹಿಡಿದ ನನ್ನ ಮೂರು ಕಲ್ಲುಗಳನ್ನು ಕಾಲಿನಿಂದ ಒಂದೊಂದಾಗಿ ಮಡುವಿಗೆ ನೂಕಿದೆ.

ಬೆಂಕಿ ಹಚ್ಚಿದ್ದು ಬುದ್ಧಿಗೇಡಿತನ. ಕಲ್ಲು ನೂಕಿದ್ದು ಹಾಗಲ್ಲ.

ಮರುದಿನ ಊರು ಕಟ್ಟೆಯಲ್ಲಿ ಸೇರಿತು. ಪಾಳಿ ದುರಗವ್ವನದು, ಅವಳ ಕೈಯಲ್ಲಿ ಹಸಿ ಟೊಂಗೆ ನೋಡಿದವರಿದ್ದಾರೆ, ಅವಳೇ ಚಹಾಕ್ಕೋ ಶೇಂಗಾ ಸುಡಲಿಕ್ಕೋ ಒಲೆ ಹೂಡಿರಬೇಕು ಎಂದು ಜನ ಮಾತಾಡಿಕೊಂಡರು. ಅವಳು ನನ್ನ ಕಡೆ ತಿರುಗಿದಳು. ಕೈಗೆ ಬಟ್ಟೆ ಸುತ್ತಿತ್ತು.

“ತಮ್ಮಾ, ನೀ ಕೆಳಗ ಇಳದಿದ್ದಿ. ಏನರ ಹಚ್ಚಿದ್ದೇನು? ಹಚ್ಚಿದ್ರ ಹೇಳಿಬಿಡು.”

“ಇಲ್ಲಕ್ಕ. ನೀರು ನೋಡಿ ಬಂದ್ವಿ, ಅಷ್ಟ.”

ಆ ಎರಡು ಮಾತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಸಭೆಗೆ ಹೇಳಿದಳು: “ಇಲ್ಲ ಅಂದಮ್ಯಾಲ ಇಲ್ಲ. ನನ್ನ ಕಣ್ಣಿಲೆ ನಾ ನೋಡಿಲ್ಲ, ಅವನ ಹೆಸರು ನಾ ಹೇಳಂಗಿಲ್ಲ.”

ಹಿರಿಯ ಸಂಗಪ್ಪಜ್ಜನಿಗೆ ಅವಳ ಮೇಲೆ ಮಮತೆ. “ದುರಗವ್ವ, ಹೂಂ ಅಂದುಬಿಡವಾ. ಒಂದ ಸುತ್ತು ತಪ್ಪತೈತಿ, ಮತ್ತ ಬರ್ತೈತಿ” ಎಂದ.

“ಹಚ್ಚದ ಬೆಂಕಿ ಹಚ್ಚೀನಿ ಅಂತ ಹೇಳಿ ಆ ಕೋಲು ಹಿಡೀಲೇನು ಯಜ್ಜಾ? ಹಿಡದು ಕೊಳ್ಳದಾಗ ಹೆಂಗ ನಿಂದರ್ಲಿ?” ಎಂದಳು ಅವಳು. ಎದ್ದು ಮನೆಗೆ ಹೋದಳು.

ಒಂದು ಸಣ್ಣ ಸುಳ್ಳು ಸಾಕಿತ್ತು ಅವಳಿಗೆ. ಒಂದು ಸಣ್ಣ ನಿಜ ಸಾಕಿತ್ತು ನನಗೆ. ಇಬ್ಬರೂ ಹೇಳಲಿಲ್ಲ. ಆದರೆ ಅವಳು ಹೇಳದ್ದೂ ನಾನು ಹೇಳದ್ದೂ ಒಂದೇ ಅಲ್ಲ, ಅದು ನನಗೆ ಅಂದೇ ಗೊತ್ತಿತ್ತು.

ಅಲ್ಲಿಂದ ಮುಂದೆ ನಮ್ಮ ಪಾಳಿ ಮುಗಿದಾಗಲೆಲ್ಲ ಕೋಲು ಹಿಡಿದು ಅವಳ ಬಾಗಿಲು ದಾಟಿ ಆಚೆ ಮನೆಗೆ ಹೋದವನು ನಾನೇ. ಮೊದಮೊದಲು ಹಿಂದಿನ ಸಂದಿಯಿಂದ ಸುತ್ತಿ ಹೋಗುತ್ತಿದ್ದೆ. ಆಮೇಲೆ — ಇದು ಇನ್ನೂ ನಾಚಿಕೆಗೇಡು — ರೂಢಿಯಾಯಿತು. ಮುಂದಿನಿಂದಲೇ ಹೋದೆ.

ದುರಗವ್ವ ಕೊಳ್ಳಕ್ಕೆ ಮತ್ತೆ ಇಳಿಯಲಿಲ್ಲ. ಇಳಿಯಬಾರದೆಂದು ಯಾರೂ ಹೇಳಿರಲಿಲ್ಲ. “ಕಾಯಾಕ ಬ್ಯಾಡಾದಾಕಿ ನೋಡಾಕ ಯಾಕ ಹೋಗ್ಲಿ” ಎಂದಳಂತೆ. ಆದರೆ ನಾನು ಕೊಳ್ಳದಿಂದ ಬಂದದ್ದು ಕಂಡರೆ ಕರೆಯುತ್ತಿದ್ದಳು. ನೀರು ಎಷ್ಟು ಬಂತು, ಎಡದ ಇಳಿಜಾರಿನಲ್ಲಿ ಏನು ಚಿಗುರಿತು, ಜೇನು ಕುಂತಾವೇನು ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ‘ಭಾಳ ಐತಿ’ ಎಂದರೆ ಬಿಡುತ್ತಿರಲಿಲ್ಲ — “ಭಾಳ ಅಂದ್ರ? ಯಾವ ಕಲ್ಲು ಮುಳುಗೈತಿ, ಸರಿಯಾಗಿ ಹೇಳು” ಎನ್ನುತ್ತಿದ್ದಳು. ಹಾಗಾಗಿ ನಾನು ಸರಿಯಾಗಿ ನೋಡುವುದನ್ನು ಕಲಿತೆ. ಸುಟ್ಟ ಇಳಿಜಾರಿಗೆ ಊರಿನವರು ವರ್ಷಗಟ್ಟಲೆ ಒಂದು ಮೇಕೆಯನ್ನೂ ಬಿಡಲಿಲ್ಲ; ಮೊದಲು ಹುಲ್ಲು ಬಂತು, ಆಮೇಲೆ ಕವಳಿ ಕಂಟಿ, ಆಮೇಲೆ ನೆರಳು. ಒಂದು ಬೇಸಿಗೆಗೆ ಜೇನು ತಿರುಗಿ ಬಂದು ಅದೇ ಬಂಡೆಗೆ ಕೂತವು. ಆ ಸುದ್ದಿ ಹೇಳಿದ ದಿನ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೀವೆಲ್ಲ ‘ಎಷ್ಟು ಚೆಂದ ಹೇಳುತ್ತೀರಿ’ ಎಂದು ನನ್ನನ್ನು ಹೊಗಳುತ್ತೀರಲ್ಲ — ಆ ಮಾತೆಲ್ಲ ಅವಳ ಬಾಗಿಲಲ್ಲಿ ನಿಂತು ಕಲಿತದ್ದು. ನಾನು ಕಿತ್ತುಕೊಂಡದ್ದನ್ನೇ ಅವಳಿಗೆ ಬಾಯಲ್ಲಿ ಬಡಿಸುತ್ತಿದ್ದೆ, ಮತ್ತು ಅದಕ್ಕೆ ಹೆಸರು ಬಂದದ್ದು ನನಗೆ.

ಇಷ್ಟಾದರೂ ಹೇಳುತ್ತಿರಲಿಲ್ಲವೇನೋ. ಹೇಳಿಸಿದವಳು ನನ್ನ ಸೊಸೆ ಗೌರಿ.

ಅವಳು ಯಲಬುರ್ಗಿ ಕಡೆಯ ಮಂಗಳೂರೆಂಬ ಹಳ್ಳಿಯವಳು, ಬಂದು ಇನ್ನೂ ಒಂದು ಮಳೆಗಾಲ ಕಳೆದಿಲ್ಲ. ಈ ಶ್ರಾವಣದಲ್ಲಿ ನಮ್ಮ ಪಾಳಿ ಬಂದಾಗ ನನಗೆ ಕಚೇರಿಯಿಂದ ಬರುವುದು ತಡವಾಯಿತು. ಕೋಲು ಮುಂದಿನ ಮನೆಗೆ ಹೋಗಬೇಕು ಎಂದಷ್ಟೇ ಅವಳಿಗೆ ಗೊತ್ತು. ಮುಂದಿನ ಮನೆ ಎಂದರೆ ಪಕ್ಕದ ಮನೆ. ಒಯ್ದು ದುರಗವ್ವನ ಬಾಗಿಲಿಗೆ ಆನಿಸಿ ಬಂದಳು.

ನಾನು ಬಸ್ಸಿಳಿದು ಬರುವ ಹೊತ್ತಿಗೆ ದುರಗವ್ವ ಹೊಸ್ತಿಲಲ್ಲಿ ನಿಂತಿದ್ದಳು. ಕೋಲು ಅವಳ ಮುಂದಿತ್ತು. ಒಳಗೆ ಹೋಗಿ ವಿಭೂತಿ ತಂದಳು. ಬೆರಳು ಅದ್ದಿದಳು — ಹಚ್ಚಲಿಲ್ಲ. ಆಮೇಲೆ ಬೆರಳನ್ನು ಸೀರೆಗೆ ಒರೆಸಿಕೊಂಡು, ಕೋಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಮ್ಮ ಮನೆಗೆ ಬಂದಳು. “ತಂಗೀ, ತಪ್ಪಿ ಇಟ್ಟೀಯವಾ. ಇದು ಆಚಿಮನಿಗೆ ಹೋಗಬೇಕು” ಎಂದು ಗೌರಿಗೆ ಕೊಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗೌರಿ ನನ್ನನ್ನು ನೋಡಿ ಕೇಳಿದಳು, “ಯಾಕ್ರಿ ಮಾವಾ, ಅಕ್ಕಾರ ಮನಿಗೆ ಯಾಕ ಇಲ್ಲ?”

ಅವಳ ಕೈಯಿಂದ ಕೋಲು ಇಸಿದುಕೊಂಡು ಆಚೆ ಮನೆಗೆ ಹೊರಟೆ.

ಮರುದಿನ ಮುಂಜಾನೆ ಅವಳ ಮನೆಗೆ ಹೋದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂತೇ ಹೇಳಿದೆ. ಚಹಾ, ಮೂರು ಕಲ್ಲು, ಮಡುವಿಗೆ ನೂಕಿದ್ದು — ಎಲ್ಲ. ನನ್ನ ಮೇಲೆ ಅನುಮಾನ ಇದ್ದೇ ಇರುತ್ತದೆ, ಬೈಯುತ್ತಾಳೆ, ಬೈದರೆ ಹಗುರಾಗುತ್ತೇನೆ ಎಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಅಂಥವನು ನಾನು.

ಅವಳು ಬೈಯಲಿಲ್ಲ. ಮೊರ ಕೆಳಗಿಟ್ಟಳು. ಆಮೇಲೆ ಹೇಳಿದಳು: “ಅವತ್ತ ಮುಂಜಾಲೆ ಕೊಳ್ಳದ ಬಾಯಾಗಿನ ಕಲ್ಲಿಗೆ ನಾ ಊದಿನಕಡ್ಡಿ ಹಚ್ಚಿ ಕುಂತಿದ್ನಿ. ಕಟ್ಟಿಯಿಂದ ಮನಿಗೆ ಬಂದಮ್ಯಾಲ, ಅದರ ಕಿಡಿ ಹಾರಿತೇನೋ ಅಂತ... ನೀ ಇಲ್ಲ ಅಂದಿ. ಮತ್ಯಾರೂ ಇಳದಿದ್ದಿಲ್ಲ. ಹಂಗಾದ್ರ ನಾನ ಹಚ್ಚೀನಿ, ಕಟ್ಟಿಮ್ಯಾಲ ನಿಂತು ನಾನ ಸುಳ್ಳು ಹೇಳೀನಿ ಅಂತ ತಿಳಕೊಂಡ್ನಿ. ಕಣ್ಣಿಲೆ ನೋಡಿದ್ದಿಲ್ಲ, ಹೋಗಿ ಹೌದು ಅನ್ನಾಕೂ ಬರಲಿಲ್ಲ.” ಮುಂಗೈ ಸವರಿಕೊಂಡಳು. “ಮನಿಯಾಗ ದೇವರ ಮುಂದ ಸೈತ ಅವತ್ತಿಂದ ಊದಿನಕಡ್ಡಿ ಹಚ್ಚಿಲ್ಲ ನಾ.”

ನಾನು ಅವಳಿಂದ ಕೋಲನ್ನು ಮಾತ್ರ ಕಸಿದಿದ್ದೇನೆ ಅಂದುಕೊಂಡಿದ್ದೆ. ಅವಳು ನನ್ನ ಮಾತನ್ನು ನಂಬಿದ್ದಳು — ತನ್ನ ಮಾತಿಗಿಂತ ಹೆಚ್ಚಾಗಿ.

ಕಾಲಿಗೆ ಬೀಳಲು ಬಗ್ಗಿದೆ. ಕಾಲು ಹಿಂದೆಳೆದುಕೊಂಡಳು. “ನನಗ ಯಾಕ ಹೇಳ್ತಿ ಬಸ್ಯಾ? ಕಟ್ಟಿಗೆ ಹೋಗು” ಎಂದಳು. ತಮ್ಮಾ ಎನ್ನಲಿಲ್ಲ.

ಹೋದೆ. ಸೋಮವಾರ ಸಂಜೆ ಎಲ್ಲರೂ ಕೂಡಿದ್ದಾಗ ನಿಂತು ಹೇಳಿದೆ. ಮಗ ತಲೆ ಎತ್ತಲಿಲ್ಲ. ಹೆಂಡತಿ ಎದ್ದು ಹೋದಳು. ಸಂಗಪ್ಪಜ್ಜ ಈಗಿಲ್ಲ, ಇದ್ದಿದ್ದರೆ ಏನೆನ್ನುತ್ತಿದ್ದನೋ. ಈಗಿನ ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಂದು ಸುತ್ತು ಸಾಲದು, ಇವನ ಮನೆಗೆ ಕಾಯಂ ಬೇಡ ಎಂದರು ಕೆಲವರು. ನನಗೂ ಅದೇ ನ್ಯಾಯ ಎನಿಸಿತು. ಆಗ ಹೆಂಗಸರ ಕಡೆಯಿಂದ ದುರಗವ್ವನ ದನಿ ಬಂತು: “ಹೌದು ಅಂದವರಿಗೆ ಒಂದ ಸುತ್ತು. ಪದ್ಧತಿ ಎಲ್ಲಾರಿಗೂ ಒಂದ.” ಅಲ್ಲಿಗೆ ಮಾತು ಮುಗಿಯಿತು.

ಕೋಲು ನಮ್ಮ ಸಾಲಿಗೆ ಬಂದ ಸಂಜೆ ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಹೆಜ್ಜೆ ಸಪ್ಪಳ ನಮ್ಮ ಬಾಗಿಲ ಮುಂದೆ ನಿಲ್ಲದೆ ಮುಂದೆ ಹೋಯಿತು. ಆಮೇಲೆ ಪಕ್ಕದಲ್ಲಿ ನಿಂತಿತು. ಗೋಡೆಯಾಚೆ ರೇಣುಕಾ ಅಳುವುದು ಕೇಳಿಸಿತು, ಅವಳಿಗೆ ದುರಗವ್ವ ಸಣ್ಣಗೆ ಬೈಯುವುದೂ ಕೇಳಿಸಿತು.

ಮರುದಿನ ದುರಗವ್ವ ಕೋಲು ಊರಿಕೊಂಡು ಕೊಳ್ಳದ ಬಾಯಿಗೆ ಹೋದಳು. ಅಲ್ಲಿಗೇ ನಿಂತಳು. ಕಲ್ಲಿನ ಇಳಿಜಾರು, ಮೇಲೆ ಮಳೆಗಾಲದ ಪಾಚಿ. ಅವಳ ಮೊಳಕಾಲು ಇಳಿಯುವ ಮೊಳಕಾಲಲ್ಲ. ಒಂದು ಕಲ್ಲು ಇಳಿದು ನೋಡಿದಳು, ಮತ್ತೆ ಹತ್ತಿದಳು. ರೇಣುಕಾ ಒಬ್ಬಳೇ ಕೆಳಗೆ ಹೋದಳು. ಕೊಳ್ಳ ಅಂದು ತುಂಬಿ ಸುರಿಯುತ್ತಿತ್ತು — ನೀರಿನ ತುಂತುರು ಮೇಲಿನವರೆಗೂ ಬರುತ್ತಿತ್ತು. ದುರಗವ್ವ ಅದಕ್ಕೆ ಮುಖವೊಡ್ಡಿ ಕಣ್ಣು ಮುಚ್ಚಿ ಕುಳಿತಿದ್ದಳು. ಕೊಪ್ಪಳದಿಂದ ಬಂದ ಹುಡುಗರ ಗುಂಪೊಂದನ್ನು ಚಪ್ಪಲಿ ಬಿಡಿಸಿ ಕಳಿಸಿದಳು. ನನ್ನ ಹಾಗೆ ಗದರಲಿಲ್ಲ, ಒಂದೇ ಮಾತಿಗೆ ಬಿಟ್ಟರು.

ನಾನು ದೂರ ನಿಂತಿದ್ದೆ. ಹತ್ತಿರ ಹೋಗಿ, “ಅಕ್ಕ, ಸುತ್ತು ಮುಗಿದ್ರೂ ನನ್ನ ಮನಿಗೆ ಕೋಲು ಬ್ಯಾಡ. ನಾ ತಗೊಳ್ಳಂಗಿಲ್ಲ” ಎಂದೆ.

ಅವಳು ಕಣ್ಣು ಬಿಡದೆಯೇ ಹೇಳಿದಳು. “ತಗೊಳ್ಳಂಗಿಲ್ಲ ಅಂದ್ರ ನನ್ನ ಬಾಗಲಕ್ಕ ಬರೂದು ತಪ್ಪತೈತಿ ನಿನಗ. ತಪ್ಪಿಸ್ಕೊಬ್ಯಾಡ. ತಂದು ನೀನ ಇಡಬೇಕು.”

ಅಂದಿನಿಂದ ಅವಳು ನನ್ನನ್ನು ಕರೆದಿಲ್ಲ. ನೀರಿನ ಸುದ್ದಿ ಈಗ ಅವಳಿಗೆ ರೇಣುಕಾ ಹೇಳುತ್ತಾಳೆ. ನಾನು ಕೊಳ್ಳಕ್ಕೆ ಇಳಿದಿಲ್ಲ. ನೀವು ಬಂದರೆ ಅಂದು ಕೋಲು ಯಾವ ಮನೆಯಲ್ಲಿದೆಯೋ ಅವರನ್ನು ಕೇಳಿಕೊಂಡು ಇಳಿಯಿರಿ. ಸುತ್ತು ಇನ್ನೂ ಊರಿನ ಆ ತುದಿಯಲ್ಲಿದೆ. ನಮ್ಮ ಮನೆಗೆ ಬರುತ್ತದೆ, ಒಂದು ದಿನ ಇರುತ್ತದೆ. ಸಂಜೆ ಅದನ್ನು ಪಕ್ಕದ ಬಾಗಿಲಿಗೆ ಆನಿಸಿ, ಅವಳು ಹೊರಗೆ ಬಂದು ನನ್ನ ಮುಖ ನೋಡುವ ತನಕ ನಾನು ಅಲ್ಲೇ ನಿಂತಿರಬೇಕು.